ಹಿತ್ತಲ ಬಾಗಿಲು ಮತ್ತು ಹಳದಿ ಪಟ್ಟಿ

ನಮ್ಮ ಮನೆಯ ಹಿತ್ತಲ ಬಾಗಿಲಿನ ಮೇಲೆ ನನಗೆ ಯಾವ ವೈಯಕ್ತಿಕ ದ್ವೇಷವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಚಿತ್ತಾಪುರದ ನಮ್ಮ ಓಣಿಯಲ್ಲಿ ಬೇರೆಯೇ ಸುದ್ದಿ ಓಡಾಡುತ್ತಿದೆ. ‘ವಿಜ್ಞಾನದ ಟೀಚರ್ ಶ್ರೀವಿದ್ಯಾಬಾಯಿ ದಿನಾ ಸಂಜಿಮುಂದ ಬಾಗಲಕ್ಕ ಒದೀತಾಳಂತ, ಅತ್ತಿ ಮ್ಯಾಲಿನ ಸಿಟ್ಟಂತ’ ಎಂದು. ಅತ್ತೆಯ ಮೇಲೆ ನನಗೆ ಸಿಟ್ಟಿರಲಿಲ್ಲ. (ಈಗಿನ ಮಾತು ಬೇರೆ.)

ನಾನು ಒದೆಯುತ್ತಿದ್ದದ್ದು ಕರಾಟೆಗಾಗಿ. ನಗಬೇಡಿ. ನನಗೆ ನಲವತ್ಮೂರು ವರ್ಷ ಎನ್ನುವುದು ನನಗೂ ಗೊತ್ತು, ನನ್ನ ಮೊಣಕಾಲಿಗೂ ಗೊತ್ತು.

ನನ್ನ ತವರು ವಾಡಿ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ನಮ್ಮ ಕ್ವಾರ್ಟರ್ಸಿನ ಹಿಂದೆ ಒಂದು ಮೈದಾನ, ಅದರ ಸುತ್ತ ಕಲ್ಲಿನ ಗೋಡೆ. ಸಂಜೆ ಐದಾದರೆ ಅಲ್ಲಿ ಹುಡುಗರು ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಹಳದಿ ಪಟ್ಟಿ ಬಿಗಿದು, ‘ಹಾ! ಹೂ!’ ಎಂದು ಕಾಲೆತ್ತುತ್ತಿದ್ದರು. ಹನ್ನೆರಡು ವರ್ಷದ ನಾನು ಗೋಡೆಯಾಚೆ ನಿಂತು, ಬಿಸಿ ಕಲ್ಲಿನ ಮೇಲೆ ಗದ್ದ ಊರಿ ನೋಡುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ. “ಹೆಣ್ಣುಹುಡುಗಿ ಹಂಗೆಲ್ಲಾ ಕಾಲ ಎತ್ತಬಾರ್ದವ್ವ, ರಂಗೋಲಿ ಕ್ಲಾಸಿಗೆ ಹೋಗು” ಅಂದರು. ಹೋದೆ. ಚುಕ್ಕಿ ಇಡುವಾಗಲೂ ಕಿವಿ ಮೈದಾನದ ಕಡೆಗೇ ಇತ್ತು. ಆಮೇಲೆ ಬಿ.ಎಡ್. ಆಯಿತು, ಮದುವೆ ಆಯಿತು, ನೌಕರಿ ಆಯಿತು. ಆ ಹಳದಿ ಪಟ್ಟಿ ಮಾತ್ರ ಮನಸ್ಸಿನಿಂದ ಇಳಿಯಲಿಲ್ಲ. ಯಾರದೋ ಮಗುವಿನ ಜಡೆಯಲ್ಲಿ ಹಳದಿ ರಿಬ್ಬನ್ ಕಂಡರೂ ಈಗಲೂ ನಿಂತು ನೋಡುತ್ತೇನೆ.

ಈ ಜೂನಿನಲ್ಲಿ ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಲು ಮುಬೀನಾ ಬಂದಳು. ಶಹಾಬಾದಿನ ಹುಡುಗಿ, ಇಪ್ಪತ್ತಾರು ವರ್ಷ, ಕಪ್ಪು ಪಟ್ಟಿ. ಮೇಲ್ವಿಚಾರಣೆ ನನ್ನದು. ಎರಡು ದಿನ ಕುರ್ಚಿಯಲ್ಲಿ ಕೂತು ಮೇಲ್ವಿಚಾರಿಸಿದೆ. ಮೂರನೇ ದಿನ ಚೂಡಿದಾರ ಹಾಕಿಕೊಂಡು ಹೋಗಿ ಕೊನೆಯ ಸಾಲಿನಲ್ಲಿ ನಿಂತುಬಿಟ್ಟೆ.

“ಮೇಡಂ, ಒದಿಯೂದು ಕಾಲಿನ ಕೆಲಸ ಅಲ್ರಿ, ಟೊಂಕದ ಕೆಲಸ” ಅಂದಳು ಮುಬೀನಾ. “ಮೊದಲ ಮೊಣಕಾಲ ಎದಿ ತನಕ ಬರ್ಬೇಕು. ನಿಂತ ಕಾಲಿನ ಹಿಮ್ಮಡ ಎದುರಿನವರ ಕಡಿ ತಿರುಗ್ಬೇಕು. ಆಮ್ಯಾಲ ಟೊಂಕ ಹೊಳ್ಳಿಸಿ ಹಿಮ್ಮಡಲೇ ದೂಡ್ರಿ. ಬೆರಳ ಹಿಂದಕ್ಕ ಎಳಕೋರಿ, ಇಲ್ಲಾಂದ್ರ ಮುರೀತಾವ. ಹೋದ ದಾರೀಲೇ ಕಾಲ ವಾಪಸ್ ತರ್ರಿ.”

ನಾನು ವಿಜ್ಞಾನದವಳು. ಗುರುತ್ವ ಕೇಂದ್ರ, ಸನ್ನೆಕೋಲು, ಕ್ರಿಯೆ-ಪ್ರತಿಕ್ರಿಯೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಬಾಣ ಹಾಕಿ ತೋರಿಸಬಲ್ಲೆ. ಆದರೆ ಮೊಣಕಾಲು ಎತ್ತಿದರೆ ಹಿಮ್ಮಡ ತಿರುಗದು, ಹಿಮ್ಮಡ ತಿರುಗಿದರೆ ನಾನೇ ಇಡಿಯಾಗಿ ತಿರುಗಿಬಿಡುವೆ. ಸೆಪ್ಟೆಂಬರಿನ ಕೊನೆಯ ಭಾನುವಾರ ಹಳದಿ ಪಟ್ಟಿಯ ಪರೀಕ್ಷೆ ಎಂದಳು. ಎಲ್ಲಿ ಎಂದು ಕೇಳಿದೆ. ವಾಡಿಯಲ್ಲಿ. ಅದೇ ಮೈದಾನದಲ್ಲಿ! ಅಂದು ರಾತ್ರಿ ಅನ್ನಕ್ಕೆ ಸಾರಿನ ಬದಲು ಮಜ್ಜಿಗೆ ಬಡಿಸಿದೆನಂತೆ, ನನಗೆ ನೆನಪಿಲ್ಲ.

ಹೀಗೆ ಶುರುವಾಯಿತು ಬಾಗಿಲಿನ ಸಾಧನೆ. ನಡುಮನೆಯಿಂದ ಹಿತ್ತಲಿಗೆ ಹೋಗುವ ಆ ತೇಗದ ಬಾಗಿಲು ನನಗೆ ತಕ್ಕ ಎದುರಾಳಿ. ದಿನವೂ ಶಾಲೆಯಿಂದ ಬಂದು, ಬಾಗಿಲು ಹಾಕಿ, ಒಳಗಿನಿಂದ ನಲವತ್ತು ಒದೆತ. ಮಾವನವರ ಕಾಲದ ಗೋಡೆ ಗಡಗಡ ಎನ್ನುತ್ತಿತ್ತು. ನನ್ನ ಪತಿದೇವರು ರಘುವೀರ, ಇಲ್ಲಿನ ಕೋರ್ಟಿನಲ್ಲಿ ಗುಮಾಸ್ತರು, ಚಹಾದ ಬಸಿ ಹಿಡಿದು ವಿಚಾರಣೆಗೆ ಬಂದರು.

“ಏನ್ ನಡಸೀದಿ ಇದು? ಕೋರ್ಟಿನ್ಯಾಗ ದಿನಾ ಹೊಡೆದಾಟದ ಫೈಲ್ ನೋಡಿ ಬರ್ತೀನಿ, ಮನಿಗೆ ಬಂದ್ರೂ ಅದೇ.”

“ಬಾಗಲಾ ಏನರೆ ದೂರು ಕೊಟ್ಟದೇನ್ರಿ?”

“ಕೊಡ್ತದ. ಸಾಕ್ಷಿ ನಾನೇ ಹೇಳ್ತೀನಿ.”

ಅತ್ತೆ ರುಕ್ಮಿಣಿಬಾಯಿಯವರ ಲೋಕವೇ ಬೇರೆ. ಎಪ್ಪತ್ನಾಲ್ಕು ವರ್ಷ, ಕಡ್ಡಿಯಂತಹ ದೇಹ, ಬಂಡೆಯಂತಹ ಮಡಿ. ನಸುಕಿನಲ್ಲಿ ಹಿತ್ತಲಲ್ಲಿ ಸ್ನಾನ ಮಾಡಿ, ಗಳದ ಮೇಲೆ ಒಣಗಿದ ಮಡಿಸೀರೆ ಉಟ್ಟು, ದೇವರಿಗೆ ನೀರು ಹೂವು ತರುವ ಹೊತ್ತಿನಲ್ಲಿ ಹೆತ್ತ ಮಗನೂ ಅವರನ್ನು ಮುಟ್ಟುವಂತಿಲ್ಲ. ಎದುರಾಗಬಾರದೆಂದು ನಾವಿಬ್ಬರೂ ಆಗ ಆ ಕಡೆ ತಲೆ ಹಾಕುವುದೇ ಇಲ್ಲ. ಹತ್ತೊಂಬತ್ತು ವರ್ಷಗಳಿಂದ ಇದೇ ಪದ್ಧತಿ. ಪೂಜೆ ಮುಗಿಸಿ ಹೊರಗೆ ಬಂದಾಗ ಇತ್ತೀಚೆಗೆ ಅವರು ಒಂದೇ ಮಾತು ಹೇಳುತ್ತಿದ್ದರು: “ಈ ಸಲ ಮಳಿಗೆ ಬಾಗಲಾ ಭಾಳ ಉಬ್ಬ್ಯದ ನೋಡವ್ವ.” ನಾನು ಕಟ್ಟಿಗೆ ನೀರು ಹೀರುವ ಬಗೆಯನ್ನು ಸವಿಸ್ತಾರವಾಗಿ ವಿವರಿಸುತ್ತಿದ್ದೆ. ಅವರು ಪಾಪ, ಕೇಳಿಸಿಕೊಳ್ಳುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ, ಶನಿವಾರ, ಕೊನೆಯ ಸಲ ನನ್ನ ಒದೆತ ನೋಡಲು ಮುಬೀನಾಳನ್ನು ಮನೆಗೆ ಕರೆದೆ. ವಾಡಿಗೆ ಹೋಗುವ ಅವಸರವಿತ್ತೆಂದು ಬೆಳಿಗ್ಗೆ ಆರೂವರೆಗೇ ಬಂದಳು. ಮಡಿಯ ಹೊತ್ತೆಂಬುದು ಸಂಭ್ರಮದಲ್ಲಿ ನನಗೆ ಮರೆತೇಹೋಗಿತ್ತು. ಬಾಗಿಲಿನ ಪಕ್ಕದ ಸರಳಿನ ಕಿಟಕಿಗೆ ಒರಗಿ ನಿಂತಳು.

ಮೂವತ್ತೊಂದು ವರ್ಷದ ಆಸೆಯನ್ನೆಲ್ಲ ಬಲಗಾಲಿಗೆ ಇಳಿಸಿ, ‘ಹಾ!’ ಎಂದು ಬಿಟ್ಟೆ. ಮೊಣಕಾಲು ಎದ್ದಿತು, ನಿಜ. ನಿಂತ ಕಾಲು ಫರಸಿ ನೆಲಕ್ಕೆ ಅಂಟಿಕೊಂಡು ಹಾಗೇ ಉಳಿಯಿತು. ಹಿಮ್ಮಡಕ್ಕಿಂತ ಮೊದಲು ಹೆಬ್ಬೆರಳು ಹೋಗಿ ಬಾಗಿಲನ್ನು ಮಾತಾಡಿಸಿತು. ಟಪ್ ಎಂದಿತು; ಬಾಗಿಲಲ್ಲ.

“ಯಾ ಅಲ್ಲಾ! ಬೆರಳ್ರಿ ಮೇಡಂ, ಬೆರಳ!”

ನಾನು ನೆಲದ ಮೇಲೆ ಕೂತು ಕಾಲು ಹಿಡಿದುಕೊಂಡು ಅಳುತ್ತಿದ್ದೆ. ನೋವಿಗಿಂತ ನಾಳೆಯನ್ನು ನೆನೆದು ಅಳು. ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ: “ಯಾರದು ಬಾಗಲದಾಗ? ಜರಾ ಸರೀರಿ, ಮಡೀಲಿದ್ದೀನಿ.”

ಮುಬೀನಾ ಕಿಟಕಿಗೆ ತಿರುಗಿದಳು. ನಾನೂ ಸರಳು ಹಿಡಿದು ಒಂಟಿಗಾಲಲ್ಲಿ ಎದ್ದು ನೋಡಿದೆ. ಅತ್ತೆಯ ಎಡ ಟೊಂಕದ ಮೇಲೆ ತುಂಬಿದ ತಾಮ್ರದ ಕೊಡ, ಬಲಗೈಯಲ್ಲಿ ಹೂವಿನ ಬುಟ್ಟಿ. ಬಾಗಿಲಿಗೆ ಪಕ್ಕೆ ಕೊಟ್ಟು ನಿಂತರು. ಮೊಣಕಾಲು ಎದೆಯವರೆಗೆ ಬಂತು. ನಿಂತ ಕಾಲಿನ ಹಿಮ್ಮಡ ಮೆಲ್ಲಗೆ ಬಾಗಿಲ ಕಡೆ ತಿರುಗಿತು. ಟೊಂಕ ಹೊರಳಿತು. ಧಡಾರ್! ಬಾಗಿಲು ಹೋಗಿ ಒಳಗೋಡೆಗೆ ಬಡಿದು ಪಂಚಾಂಗದ ಕ್ಯಾಲೆಂಡರ್ ಕೆಳಗೆ ಬಿತ್ತು. ಕಾಲು ಹೋದ ದಾರಿಯಲ್ಲೇ ವಾಪಸ್ ಬಂತು. ಕೊಡದ ನೀರು ಒಂದು ಹನಿ ತುಳುಕಲಿಲ್ಲ.

“ಅಜ್ಜಿ, ಇನ್ನೊಮ್ಮೆ ಒದೀತೀರೇನ್ರಿ?” ಮುಬೀನಾ ಕಿಟಕಿಯಿಂದಲೇ ಕೇಳಿದಳು.

“ಛೀ, ನಾ ಯಾಕ ಒದೀಲಿ? ಬಾಗಲಾ ತಗದೆ. ಕೈಲೆ ಮುಟ್ಟಂಗಿಲ್ಲ, ಕೈ ಖಾಲಿನೂ ಇಲ್ಲ. ಕಾಲು ಹೆಂಗೂ ತೊಳಕೊಂಡೇ ಒಳಗ ಹೋಗ್ತೀನಿ. ಐವತ್ತು ವರ್ಷ ಆತು, ಹಿಂಗೇ ತಗೀಲಿಕತ್ತೀನಿ. ಮೊದಲ ಜರಾ ತಾಕಿಸಿದ್ರ ತೆರೀತಿತ್ತು. ಈ ಮೂರು ತಿಂಗಳಾತು, ದಿನಾ ಇನ್ನಷ್ಟು ಗಟ್ಟಿ. ನಾನೂ ಇನ್ನಷ್ಟು ಜೋರ್ ಮಾಡ್ಲಿಕತ್ತೀನಿ.”

ಮುಬೀನಾ ಬಾಗಿಲನ್ನು ನೋಡಿದಳು, ಚೌಕಟ್ಟನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

“ಮೇಡಂ, ಇದು ಒಳಗ ತೆರಿಯೂ ಬಾಗಲ್ರಿ. ನೀವು ಒಳಗ ನಿಂತು ದಿನಾ ನಲವತ್ತು ಸಲ ಒದ್ದು ಚೌಕಟ್ಟಿನ್ಯಾಗ ಜಡದೀರಿ.”

ಅಂದರೆ ಮೂರು ತಿಂಗಳು ನಾನು ಬೆವರು ಸುರಿಸಿ ತಯಾರು ಮಾಡಿದ್ದು ನನ್ನ ಅತ್ತೆಯನ್ನು.

ಮರುದಿನ ಪ್ಯಾಸೆಂಜರ್ ಗಾಡಿಯಲ್ಲಿ ನಾವೆಲ್ಲ ವಾಡಿಗೆ ಹೋದೆವು. ಅತ್ತೆಯನ್ನು ಕರೆತರಲೇಬೇಕೆಂದು ಮುಬೀನಾಳ ಆಜ್ಞೆ. “ಕೊಡ ಇಲ್ದ ನನಗ ಕಾಲ ಏಳಂಗಿಲ್ಲವ್ವ” ಎಂದರು ಅತ್ತೆ, ಹಾಗಾಗಿ ಕೊಡವೂ ಬಂತು. ರಘುವೀರ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಬಿಳಿ ಅಂಗಿಯ ಹುಡುಗಿಯರ ನಡುವೆ ಒಂಬತ್ತು ಗಜದ ಸೀರೆ ನಿಂತಿತು. ಮುಬೀನಾ ಹಿಡಿದ ದಿಂಬಿಗೆ ಹಿಮ್ಮಡ ತಾಕಿತು, ಮುಬೀನಾ ನಾಲ್ಕು ಹೆಜ್ಜೆ ಹಿಂದೆ ಹೋದಳು. ಮೈದಾನವೆಲ್ಲ ಚಪ್ಪಾಳೆ. ನಾನು ಅದೇ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು, ಪಟ್ಟಿ ಸುತ್ತಿದ ಹೆಬ್ಬೆರಳು ಚಾಚಿಕೊಂಡು ಕೂತಿದ್ದೆ. (ಬಿಳಿ ಪಟ್ಟಿ. ಡಾಕ್ಟರು ಸುತ್ತಿದ್ದು.) ಈ ಸಲ ಗೋಡೆಯ ಒಳಗಡೆ ಕೂತಿದ್ದೆ, ಅಷ್ಟೇ ನನಗೆ ಸಿಕ್ಕ ಬಡ್ತಿ. ನಗುತ್ತಲೇ ಚಪ್ಪಾಳೆ ತಟ್ಟಿದೆ. ನನಗೆಂದು ತಂದಿದ್ದ ಹಳದಿ ಪಟ್ಟಿಯನ್ನು ಮುಬೀನಾ ಗೌರವಪೂರ್ವಕವಾಗಿ ಅತ್ತೆಯ ಕೈಗಿತ್ತಳು.

ಮನೆಗೆ ಬಂದವರೇ ಅತ್ತೆ ಅದನ್ನು ತೊಳೆದು ಹಿಂಡಿ, ಕೋಲಿನಿಂದೆತ್ತಿ ಮಡಿಯ ಗಳದ ಮೇಲೆ ಹರವಿದರು. ಟೊಂಕಕ್ಕೆ ಬಿಗಿದರೆ ಕೊಡ ಎತ್ತಲು ಅನುಕೂಲವಂತೆ. ಒಮ್ಮೆ ಸವರಿ ನೋಡೋಣವೆಂದು ಒಂಟಿಗಾಲಲ್ಲಿ ನಿಂತು ಕೈ ಚಾಚಿದೆ.

“ಮುಟ್ಟಬ್ಯಾಡ! ಮಡೀದದ!” ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಬೆರಳ ನೆಟ್ಟಗಾಗ್ಲಿ. ನಸುಕಿನ್ಯಾಗ ಸ್ನಾನ ಮಾಡಿ ಹಿತ್ತಲಕ್ಕ ಬಾ. ಒದಿಯೂದಾದ್ರ ಹೊರಗಿಂದ ಒದಿ, ನಾ ಹೇಳಿಕೊಡ್ತೀನಿ.”

ತಿಂಗಳಾದ ಮೇಲೆ ಬೆರಳು ಕೂಡಿತು. ಈಗ ಐದಕ್ಕೇ ಎದ್ದು, ತಣ್ಣೀರು ಹೊಯ್ದುಕೊಂಡು, ತುಂಬಿದ ಕೊಡ ಹೊತ್ತು ಬಾಗಿಲ ಮುಂದೆ ನಿಲ್ಲುತ್ತೇನೆ. ಅತ್ತೆ ಹಳದಿ ಪಟ್ಟಿ ಬಿಗಿದು, ಕೈ ಬೀಸಿಕೊಂಡು ಹಿಂದೆ ಬರುತ್ತಾರೆ. “ಟೊಂಕ, ಟೊಂಕ ತಿರುವು!” ಎನ್ನುತ್ತಾರೆ. ಆದರೆ ನನ್ನ ಬೆರಳಿನ ಗತಿ ಕಂಡು ಮರುಗಿದ ರಘುವೀರ, ನನಗೆ ಹೇಳದೆ, ಬಡಿಗ ಭಾಗಣ್ಣನನ್ನು ಕರೆಸಿ ಬಾಗಿಲು ಹೆರೆಸಿ ತಿರುಗಣಿಗೆ ಎಣ್ಣೆ ಬಿಡಿಸಿದ್ದಾರೆ. ನಾನು ಉಸಿರು ಹಿಡಿದು, ಹಿಮ್ಮಡ ತಿರುಗಿಸಿ, ಮೊಣಕಾಲನ್ನು ಎದೆಯವರೆಗೆ ಎತ್ತುವಷ್ಟರಲ್ಲಿ ಅದು ಗಾಳಿಗೆ ತಾನಾಗಿಯೇ ತೆರೆದುಕೊಳ್ಳುತ್ತದೆ.