ಕೆಂಪು ಮೊಟ್ಟೆಯ ಕ್ಯಾಚು

"ಈ ಸಲ ಮೊಟ್ಟೆಗಳ ಜವಾಬ್ದಾರಿ ಪೂರ್ತಿ ನನ್ನದು! ಒಂದಕ್ಕೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನನ್ನ ಹೆಸರು ಆರ್ಸೆನಿಸ್ ಅಲ್ಲ!"

ಈಸ್ಟರ್ ಹಬ್ಬದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಗ್ರೀಸಿನ ಕೊರ್ಫು ಪಟ್ಟಣದ ಮೂರನೇ ಮಹಡಿಯ ಮನೆಯಲ್ಲಿ ನಿಂತು ಆರ್ಸೆನಿಸ್ ಹೀಗೆ ಘೋಷಿಸಿದರು. ಅವರ ಹೆಂಡತಿ ಡೋರಾ ಸಂತ ಸ್ಪಿರಿಡೋನನ ಮೆರವಣಿಗೆಗೆ ಹೊರಟು ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದಳು.

"ಈ ವಯಸ್ಸಲ್ಲಿ ಹೊಸ ಹೆಸರು ಹುಡುಕೋದು ಬೇಡ ಕಣ್ರೀ. ಬಣ್ಣ ಹಾಕಿ ಆಗಿದೆ. ಎಣ್ಣೆ ಬಟ್ಟೇಲಿ ಒರೆಸಿ, ಹೊಳಪು ಬರ್ಲಿ. ರಾತ್ರಿ ಪೂಜೆ ಮುಗಿಸ್ಕೊಂಡು ಬೀಗರು ಬರ್ತಾರೆ, ಮೊಟ್ಟೆಗೆ ಮೊಟ್ಟೆ ಕುಟ್ಟಿ ಆಡೋಕೆ ಎಲ್ಲಾ ಬೇಕು. ಆಮೇಲೆ, ಹನ್ನೊಂದಕ್ಕೆ ಚರ್ಚಿನ ಗಂಟೆ ಹೊಡೆದ ಕೂಡ್ಲೇ ಬಾಲ್ಕನಿಯಿಂದ ಮಡಕೆ ಎಸೀರಿ. ಮರೆತ್ರೆ ವರ್ಷಪೂರ್ತಿ ದರಿದ್ರ!"

"ನನಗೆ ಹೇಳಿಕೊಡಬೇಕೇನೆ?" ಎಂದರು ಆರ್ಸೆನಿಸ್.

ಡೋರಾ ಹೋದಳು. ಬಾಲ್ಕನಿಯ ಕಟ್ಟೆಯ ಮೇಲೆ ಕೆಂಪು ರಿಬ್ಬನ್ ಕಟ್ಟಿದ, ನೀರು ತುಂಬಿದ ಮಣ್ಣಿನ ಮಡಕೆ. ಅದರ ಪಕ್ಕದಲ್ಲೇ ಮಣ್ಣಿನ ಬೋಗುಣಿ, ಬೋಗುಣಿ ತುಂಬ ಬೇಯಿಸಿದ ಮೂವತ್ತು ಕೆಂಪು ಮೊಟ್ಟೆ. ಆರ್ಸೆನಿಸ್ ಶ್ರದ್ಧೆಯಿಂದ ಒರೆಸತೊಡಗಿದರು. ನಾಲ್ಕನೆಯ ಮೊಟ್ಟೆಯ ಹೊತ್ತಿಗೆ ಬಟ್ಟೆ ಎಲ್ಲೋ ಬಿತ್ತು, ಕೈ ತನ್ನಷ್ಟಕ್ಕೆ ತಾನೇ ಮೊಟ್ಟೆಯನ್ನು ಪ್ಯಾಂಟಿನ ತೊಡೆಗೆ ಉಜ್ಜಲು ಶುರುಮಾಡಿತು. ಗುಂಡಗೆ, ಕೆಂಪಗೆ, ಮಿರಮಿರ ಮಿಂಚುವ ವಸ್ತು ಅಂಗೈಗೆ ಬಂದರೆ ಈ ಊರಿನ ಗಂಡಸಿಗೆ ಬೇರೇನು ತಾನೇ ನೆನಪಾದೀತು! ಗ್ರೀಸಿನ ಉಳಿದವರೆಲ್ಲ ಫುಟ್ಬಾಲಿಗೆ ಕುಣಿದರೆ, ಕ್ರಿಕೆಟ್ ಹುಚ್ಚಿನ ಕೊರ್ಫುವಿನವರು ಹುಟ್ಟುವಾಗಲೇ ಅಂಪೈರನ್ನು ಬೈದುಕೊಂಡು ಹುಟ್ಟುತ್ತಾರೆ.

"ಏನ್ ಬಾವ, ಹೊಸ ಬಾಲಾ?"

ಬಾಗಿಲಲ್ಲಿ ಯಾಸೊನ್, ಡೋರಾಳ ತಮ್ಮ. ಎರಡು ಕೈಯಲ್ಲೂ ಶುಂಠಿ ಶರಬತ್ತಿನ ಶೀಷೆ.

"ಮೊಟ್ಟೆ ಕಣೋ, ಮೊಟ್ಟೆ. ಬಾ, ಕೂತ್ಕೋ."

"ಮುಂದಿನ ವಾರ ಮೊದಲ ಮ್ಯಾಚು. ನಮ್ಮ ಪಂದೆಲಿಸ್‌ನ ಮತ್ತೆ ಟೀಮಿಗೆ ತಗೊಂಡಿದಾರಂತೆ."

"ಪಂದೆಲಿಸಾ! ಅವನದು ಕೈಯಲ್ಲ, ಜರಡಿ. ಹೋದ ವರ್ಷ ಎಷ್ಟು ಕ್ಯಾಚ್ ಬಿಟ್ಟ!"

"ಐವತ್ತು ರನ್ನೂ ಹೊಡೆದ. ಅದನ್ನ್ಯಾಕೆ ಹೇಳಲ್ಲ?"

"ಹೊಡೆದಿದ್ದು ಐವತ್ತು, ಬಿಟ್ಟುಕೊಟ್ಟಿದ್ದು ನೂರು! ನಮ್ಮ ಕಾಲದಲ್ಲಿ..."

ಆರ್ಸೆನಿಸ್ 'ನಮ್ಮ ಕಾಲ' ಎಂದರೆ ಮುಂದಿನದು ಇಡೀ ಬೀದಿಗೆ ಬಾಯಿಪಾಠ. ಕೋಟೆಯೆದುರಿನ ಮೈದಾನದಲ್ಲಿ ಅವರು ಆಡಿದ ಮೊಟ್ಟಮೊದಲ ಪಂದ್ಯ. ಚೆಂಡು ಮುಗಿಲು ಮುಟ್ಟಿ ಕಾಫಿ ಅಂಗಡಿಗಳ ಕಡೆ ಬರುತ್ತಿದೆ. ನೆತ್ತಿಯ ಮೇಲೆ ಸೂರ್ಯ. ಇಪ್ಪತ್ತರ ತರುಣ ಆರ್ಸೆನಿಸ್ ಗರುಡನಂತೆ ಹಾರಿದ್ದು, ಕ್ಯಾಚ್ ಹಿಡಿದದ್ದು, ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಡೋರಾ ಮರುಳಾಗಿ ಹೋದದ್ದು!

"ನಾನು ಆ ಕ್ಯಾಚ್ ಹಿಡಿದಿದ್ದಕ್ಕೇ ನಿಮ್ಮಕ್ಕ ನನ್ನ ಕೈ ಹಿಡಿದಿದ್ದು!" ಎಂದು ಆರ್ಸೆನಿಸ್ ಮುಗಿಸಿದರು.

ಯಾಸೊನ್ ಶರಬತ್ತು ಕೆಳಗಿಟ್ಟ. "ಬಾವ, ಅಕ್ಕನ ಮುಖ ನೋಡ್ಕೊಂಡು ಇಷ್ಟು ವರ್ಷ ಸುಮ್ನಿದ್ದೆ. ನಾನು ನೋಡಿದ ಮೊದಲ ಮ್ಯಾಚೂ ಅದೇ. ಮರ ಹತ್ತಿ ಕೂತಿದ್ದೆ. ಆ ಬಾಲು ನೆಲಕ್ಕೆ ತಾಗಿತ್ತು."

"ಏನಂದೆ?"

"ನೆಲಕ್ಕೆ ಬಿದ್ದು, ಪುಟಿದು, ನಿಮ್ಮ ಕೈಗೆ ಬಂತು."

ಆರ್ಸೆನಿಸ್ ಮೊಟ್ಟೆ ಉಜ್ಜುವುದನ್ನು ನಿಲ್ಲಿಸಿದರು. ಯಾಕೆಂದರೆ, ನಮ್ಮನಮ್ಮಲ್ಲೇ ಇರಲಿ, ಆ ಗಳಿಗೆಯಲ್ಲಿ ಅವರ ಕಣ್ಣು ಮುಚ್ಚಿತ್ತು! ಬಿಸಿಲಿಗೆ ಕಣ್ಣು ಕುಕ್ಕಿ ಮುಚ್ಚಿದವರು ತೆರೆದಾಗ ಚೆಂಡು ಕೈಯಲ್ಲಿತ್ತು. ನಡುವೆ ಅದು ಎಲ್ಲೆಲ್ಲಿ ತಿರುಗಾಡಿ ಬಂತೋ ಆ ಸಂತನೇ ಬಲ್ಲ. ನೆಲಕ್ಕೆ ತಾಗಿದ್ದರೆ? ಡೋರಾ ಇಷ್ಟು ಕಾಲ ಸಂಸಾರ ಮಾಡಿದ್ದು ಒಂದು ನೆಲಕಚ್ಚಿದ ಚೆಂಡಿನ ಜೊತೆಗೆ! ಅವರಿಗೆ ನಿಜಕ್ಕೂ ಸಂಕಟವಾಯಿತು.

"ಹಿಡಿದೆ! ಸೂರ್ಯ ಕಣ್ಣೆದುರಿಗಿದ್ರೂ ಹಿಡಿದೆ! ಬೇಕಾದ್ರೆ ಈಗ್ಲೂ ಹಿಡೀತೀನಿ, ಎಸೆಯೋ!"

"ಏನನ್ನ ಎಸೀಲಿ?"

ಇಬ್ಬರ ಕಣ್ಣೂ ಒಟ್ಟಿಗೆ ಬೋಗುಣಿಯ ಮೇಲೆ ಬಿತ್ತು.

"ಬೇಡ ಬಾವ. ಅಕ್ಕ ಸಿಗಿದು ಹಾಕ್ತಾಳೆ."

"ನಾನು ಬಿಟ್ಟರೆ ತಾನೆ!"

ಮೊದಲನೆಯದನ್ನು ಹಿಡಿದರು. ಎರಡನೆಯದನ್ನು ಒಂದೇ ಕೈಯಲ್ಲಿ ಹಿಡಿದು, ಇಲ್ಲದ ಪ್ರೇಕ್ಷಕರಿಗೆ ತಲೆಬಾಗಿದರು. ಮೂರನೆಯದು ಎಣ್ಣೆಯ ನುಣುಪಿಗೆ ಜಾರಿ, ಪಟ್ ಎಂದು ನೆಲಕ್ಕೆ ಬಿತ್ತು.

"ತಿಂದ್ಬಿಡೋ, ಬೇಗ! ಸಾಕ್ಷಿ ಉಳೀಬಾರ್ದು!"

ಯಾಸೊನ್ ಬಾಯಿಗೆ ಹಾಕಿಕೊಂಡವನು ಕಣ್ಣು ಬಿಟ್ಟ. "ಅಯ್ಯೋ ಬಾವ, ಉಪವಾಸ! ರಾತ್ರಿವರೆಗೂ ಮೊಟ್ಟೆ ಮುಟ್ಟೋ ಹಾಗಿಲ್ಲ!"

"ನುಂಗೋ! ಪಾಪ ನಾಳೆ ಕಳೀತದೆ, ನಿಮ್ಮಕ್ಕನ ಕೋಪ ಕಳೆಯಲ್ಲ!"

ಇಷ್ಟಕ್ಕಾದರೂ ನಿಲ್ಲಿಸಬಹುದಿತ್ತು. ಆದರೆ ವಿನಾಶಕಾಲೇ ವಿಪರೀತ ಬುದ್ಧಿ! ಆರ್ಸೆನಿಸ್ ಬಾಲ್ಕನಿಯಲ್ಲಿ ಸೂರ್ಯನಿಗೆ ಮುಖ ಮಾಡಿ ನಿಂತರು. "ಅವತ್ತಿನ ಹಾಗೇ ಬರ್ಲಿ. ಎತ್ತರಕ್ಕೆ!"

ಪಕ್ಕದಿಂದ ಯಾಸೊನ್ ಮೊಟ್ಟೆಯನ್ನು ಮೇಲಕ್ಕೆಸೆದ. ಅದೇ ಕ್ಷಣಕ್ಕೆ ಢಣ್ ಢಣ್ ಎಂದು ಊರಿನ ಗಂಟೆಗಳೆಲ್ಲ ಮೊಳಗಿದವು. ಎದುರು ಮನೆಯ ಬಾಲ್ಕನಿಯಿಂದ ಮಡಕೆಯೊಂದು ಬೀದಿಗೆ ಬಿದ್ದು ಸಿಡಿಯಿತು. ಆರ್ಸೆನಿಸ್ ಕಣ್ಣು ಮುಚ್ಚಿದರು! ಮೊಟ್ಟೆ ಅವರ ಕಿವಿ ಸವರಿಕೊಂಡು ಬೀದಿಪಾಲಾಯಿತು.

"ಮಡಕೆ ಬಾವ! ಹನ್ನೊಂದಾಯ್ತು! ಎಸೀರಿ ಮಡಕೆ!"

ಬಿಸಿಲು ಕುಡಿದ ಕಣ್ಣಿಗೆ ಏನೂ ಕಾಣದು. ತಡಕಾಡಿದರು, ಮಣ್ಣಿನ ಪಾತ್ರೆ ಕೈಗೆ ಸಿಕ್ಕಿತು. ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ, "ದರಿದ್ರ ತೊಲಗಲಿ!" ಎಂದು ಗರ್ಜಿಸಿ ಬೀದಿಗೆ ಬೀಸಿ ಒಗೆದರು. ಈ ಸಲದ ಮಡಕೆ ಸ್ವಲ್ಪ ಹಗುರ ಎನ್ನಿಸಿತು. ಕಣ್ಣುಜ್ಜಿಕೊಂಡು ನೋಡಿದರೆ, ರಿಬ್ಬನ್ ಕಟ್ಟಿದ ಮಡಕೆ ಕಟ್ಟೆಯ ಮೇಲೆ ಮದುಮಗಳ ಹಾಗೆ ಕೂತಿತ್ತು.

ಎಲ್ಲರ ಮನೆಯಿಂದ ನೀರು ಸುರಿದರೆ, ಇವರ ಮನೆಯಿಂದ ಕೆಂಪು ಆಲಿಕಲ್ಲು! ಮಡಕೆ ತಲೆಗೆ ಬೀಳದಂತೆ ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದ ಜನ ಒಂದು ಗಳಿಗೆ ಬೆಪ್ಪಾದರು. ಆಮೇಲೆ ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಆ ಜನರ ಮುಂದಿನ ಸಾಲಿನಲ್ಲೇ ಡೋರಾ ನಿಂತಿದ್ದಳು, ಪಕ್ಕದಲ್ಲಿ ಬೀಗಿತ್ತಿ.

ಡೋರಾ ಮೆಟ್ಟಿಲು ಹತ್ತಿ ಬಂದಾಗ ಅಂಗೈಯಲ್ಲಿ ಒಂದು ಕೆಂಪು ಚಿಪ್ಪಿನ ಚೂರಿತ್ತು.

"ಎಲ್ಲರೂ ಅದೃಷ್ಟಕ್ಕೆ ಅಂತ ಮಡಕೆ ಚೂರು ಮನೆಗೆ ತಗೊಂಡು ಹೋಗ್ತಿದಾರೆ. ನಾನು ಇದನ್ನ ತಂದೆ," ಎಂದಳು.

"ಬೈಯೋದು ಆಮೇಲೆ ಬೈಯಿ ಡೋರಾ," ಎಂದು ಆರ್ಸೆನಿಸ್ ಅಡ್ಡ ಬಂದರು. "ಮೊದಲು ಒಂದು ಹೇಳು. ಅವತ್ತು ನಾನು ಕ್ಯಾಚ್ ಹಿಡಿದ್ನಾ, ಇಲ್ವಾ?"

"ಯಾವ ಕ್ಯಾಚು?"

"ಅದೇ! ನೀನು ಮರುಳಾಗಿದ್ದು!"

"ಓ, ಅದಾ. ನಾನೆಲ್ಲಿ ನೋಡ್ದೆ? ಐಸ್‌ಕ್ರೀಮ್ ಸೋರ್ತಾ ಇತ್ತು, ನೆಕ್ಕೋದ್ರಲ್ಲಿದ್ದೆ."

ಆರ್ಸೆನಿಸ್ ಅಲ್ಲೇ ಕುರ್ಚಿಯಲ್ಲಿ ಕುಸಿದರು. "ಮತ್ತೆ... ಏನು ನೋಡಿ ಒಪ್ಪಿದೆ?"

"ನಿಮ್ಮ ಬ್ಯಾಟಿಂಗು."

"ಬ್ಯಾಟಿಂಗಾ!" ಯಾಸೊನ್ ಹೊಟ್ಟೆ ಹಿಡಿದುಕೊಂಡ. "ಮೊದಲನೇ ಬಾಲಿಗೇ ಸೊನ್ನೆ! ಪಾಪ, ಅದೂ ಔಟಲ್ಲ. ಬಾಲು ಬ್ಯಾಟಿಗೆ ತಾಗೇ ಇರ್ಲಿಲ್ಲ, ಅಂಪೈರು ಸುಮ್ಸುಮ್ನೆ ಬೆರಳೆತ್ತಿದ!"

ತಮ್ಮ ಕಥೆಯಿಂದ ಇಷ್ಟು ವರ್ಷ ಜೋಪಾನವಾಗಿ ಕತ್ತರಿಸಿಟ್ಟಿದ್ದ ಸೊನ್ನೆ ಎದುರಿಗೆ ಬಂದು ನಿಂತಾಗ ಆರ್ಸೆನಿಸ್ ತಲೆ ತಗ್ಗಿಸಿದರು.

"ಗೊತ್ತು," ಎಂದಳು ಡೋರಾ. "ಈ ಊರಲ್ಲಿ ಅಂಪೈರು ಬೆರಳೆತ್ತಿದ್ರೆ ಗಂಡಸ್ರು ಅರ್ಧ ದಿನ ಜಗಳಕ್ಕೆ ನಿಲ್ತಾರೆ. ನಮ್ಮಪ್ಪ ನಿಲ್ತಿದ್ರು, ಇವನೂ ನಿಲ್ತಾನೆ. ತಪ್ಪು ತೀರ್ಪಾದ್ರೂ ತುಟಿ ಪಿಟಕ್ಕನ್ನದೆ, ಬ್ಯಾಟು ಕಂಕುಳಿಗೆ ಸಿಗಿಸ್ಕೊಂಡು ಹೊರಟೋರು ನೀವೊಬ್ರೇ. ಮನೇಗೆ ಅಂದ್ರೆ ಇಂಥೋರೇ ಸರಿ ಅಂತ ಆವಾಗ್ಲೇ ಅಂದ್ಕೊಂಡೆ."

ಆರ್ಸೆನಿಸ್ ಕಣ್ಣು ತೇವವಾಯಿತು. ಕ್ಯಾಚ್ ಹಿಡಿದವನಿಗಿಂತ ಸೊನ್ನೆ ಹೊಡೆದವನು ಇಷ್ಟು ದೊಡ್ಡವನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಈಗ ಬುಟ್ಟಿ ತಗೊಳ್ಳಿ," ಎಂದಳು ಡೋರಾ. "ಅಂಗಡಿ ಮುಚ್ಚೋದ್ರೊಳಗೆ ಮೂವತ್ತು ಮೊಟ್ಟೆ ತರ್ಬೇಕು."

"ಇಪ್ಪತ್ತೊಂಬತ್ತು ಕಣೆ! ಒಂದನ್ನ ನಿನ್ನ ತಮ್ಮನೇ ತಿಂದ. ಆಮೇಲೆ ಆ ಗಂಟೆ ಸರಿಯಾಗಿ ಅದೇ ಹೊತ್ತಿಗೆ..."

ಡೋರಾ ಬಲಗೈಯ ತೋರುಬೆರಳನ್ನು ನೆಟ್ಟಗೆ ಮೇಲಕ್ಕೆತ್ತಿದಳು.

ಆರ್ಸೆನಿಸ್ ಬುಟ್ಟಿಯನ್ನು ಕಂಕುಳಿಗೆ ಸಿಗಿಸಿಕೊಂಡು ಮೆಟ್ಟಿಲಿಳಿದರು.