ಅತ್ತೆಯ ಬಾಯೊಳಗಿನ ಬಿಡಾರ

ನನ್ನ ಸೋದರತ್ತೆಯ ಬಾಯಿಗೆ ಹೆದರದವರು ನಿಪ್ಪಾಣಿಯಲ್ಲಿ ಯಾರಾದರೂ ಇದ್ದರೇ? ತರಕಾರಿಯವನು ಹೆದರುತ್ತಿದ್ದ, ಬಸ್ ಕಂಡಕ್ಟರ್ ಹೆದರುತ್ತಿದ್ದ, ನಮ್ಮಪ್ಪನಂತೂ ತಂಗಿಯ ದನಿ ಕೇಳಿದರೆ ಪೇಪರಿನ ಹಿಂದೆ ಅಡಗುತ್ತಿದ್ದರು! ಆದರೆ ಹೆದರದ ಒಂದು ಕುಲವಿತ್ತು. ಅದು ಆ ಬಾಯೊಳಗೇ ಬಿಡಾರ ಹೂಡಿತ್ತು.

ಅತ್ತೆಗೆ ಮಿಶ್ರಿ ತಿಕ್ಕದೆ ಬೆಳಗಾಗುತ್ತಿರಲಿಲ್ಲ. ತಂಬಾಕನ್ನು ಕರ್ರಗೆ ಹುರಿದು ಮಾಡಿದ ಪುಡಿ. ದಿನಕ್ಕೆ ನಾಲ್ಕು ಸಲ! ನಾನು ತಂದುಕೊಟ್ಟ ಬ್ರಶ್ಶು ದೇವರ ದೀಪ ತಿಕ್ಕಿ ತೊಳೆಯಲು ಹೋಯಿತು. ದವಡೆಹಲ್ಲಿನ ತೂತು ತೋರಿಸಿದರೆ, "ಲವಂಗ ಇಡಾಕ ದೇವರ ಕೊಟ್ಟ ಡಬ್ಬಿ ಬೇ ಅದು!" ಎನ್ನುತ್ತಿದ್ದಳು.

ಅರವತ್ತು ದಾಟಿದ ಮೇಲೆ ಎಲುಬು ಟೊಳ್ಳಾಗಿವೆ ಎಂದು ಡಾಕ್ಟರು ಇಂಜೆಕ್ಷನ್ ಬರೆದರು. "ಮದಲ ಹಲ್ಲು ತೋರಿಸಿಕೊಂಡ ಬರ್ರಿ" ಎಂದರು.

"ನೋಯೂದು ಸೊಂಟ, ತೋರ್ಸೂದು ಹಲ್ಲು! ನಾಳೆ ಕಣ್ಣ ನೋವಾದ್ರ ಹಿಮ್ಮಡಾ ತೋರ್ಸಲೇನ?" ಎಂದು ಅತ್ತೆ ಹೋಗಲೇ ಇಲ್ಲ.

ಕೆಲವು ವರ್ಷ ಇಂಜೆಕ್ಷನ್ ನಡೆಯಿತು. ಅಷ್ಟರಲ್ಲಿ ಲವಂಗದ ಡಬ್ಬಿ ನೋಯತೊಡಗಿತು. ನಮಗ್ಯಾರಿಗೂ ಹೇಳದೆ ಹೋಗಿ ಕೀಳಿಸಿಕೊಂಡು ಬಂದಳು. ಜಗತ್ತಿನ ಸಮಸ್ತ ವಿಷಯ ಮಾತಾಡುವವಳು, ಕಿತ್ತವರಿಗೆ ಇಂಜೆಕ್ಷನ್ನಿನ ಸುದ್ದಿಯೊಂದನ್ನು ಹೇಳಬಾರದೇ!

ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ಒಳಗೆ ಬೆಳ್ಳಗೆ ಎಲುಬು ಕಾಣತೊಡಗಿತು. ಮಿರಜಿನ ಹಲ್ಲಿನ ಡಾಕ್ಟರ ಬಳಿ ಎಳೆದೊಯ್ದೆ.

"ಎಲ್ಲಾರಿಗೂ ಹಿಂಗ ಆಗೂದಿಲ್ರಿ ಅಮ್ಮಾರ," ಎಂದರು ಅವರು. "ಆ ಔಷಧದಿಂದ ದವಡಿ ಎಲುಬು ರಿಪೇರಿ ಆಗೂದು ನಿಧಾನ ಆಗತೈತಿ. ಅಷ್ಟರಾಗ ಬಾಯಾಗಿನ ಬ್ಯಾಕ್ಟೀರಿಯಾ ಗಾಯದಾಗ ಹೊಕ್ಕು ಕೂಡತಾವ."

"ಅವಕ್ಕ ಕೂಡಾಕ ಚಾಪಿ ಹಾಸಿದವರ‍್ಯಾರ‍್ರಿ?"

"ನೀವ! ಕೆಟ್ಟ ಹಲ್ಲು ಇಷ್ಟು ವರ್ಷ ಸಾಕೀರಲ್ಲ?"

ಅತ್ತೆ ಬಾಯಿ ಮುಚ್ಚಿದಳು. ಇತಿಹಾಸ!

ಆಮೇಲೆ ಮಾತ್ರೆ, ಬಾಯಿ ಮುಕ್ಕಳಿಸುವ ಔಷಧ, ಮಿಶ್ರಿಗೆ ವಿದಾಯ. ತಿಂಗಳುಗಟ್ಟಲೆ ಕಳೆದು, ಸತ್ತ ಎಲುಬಿನ ಚೂರನ್ನು ಡಾಕ್ಟರು ತೆಗೆದರು, ಗಾಯ ಮುಚ್ಚಿತು. ಗಾಯ ಮುಚ್ಚಿತು, ಅತ್ತೆಯ ಬಾಯಿ ಮತ್ತೆ ತೆರೆಯಿತು! ಈಗ ಕೈಯಲ್ಲೊಂದು ಬ್ಯಾಟರಿ. ಮನೆಗೆ ಬಂದವರೆಲ್ಲ ಚಹಾಕ್ಕೆ ಮೊದಲು "ಆ" ಅನ್ನಬೇಕು. ನನ್ನನ್ನು ನೋಡಲು ರಾಯಬಾಗದಿಂದ ಬಂದ ವರನಿಗೂ, "ಹುಡುಗಿನ್ನ ಆಮ್ಯಾಲೆ ನೋಡಂತಿ, ಮದಲ ಬಾಯಿ ತಗಿ" ಎಂದಳು. ಪಾಪ, ತೆಗೆದ. ಅಕ್ಷತೆಗೆ ಮೊದಲು ಅವನ ಎರಡು ಹಲ್ಲಿಗೆ ಸಿಮೆಂಟು ಬಿತ್ತು!

ಹೀಗಿರುವಾಗ ಪಕ್ಕದ ಮನೆಯಾಕೆಗೆ ಅದೇ ಇಂಜೆಕ್ಷನ್ ಬರೆದಿದ್ದಾರೆಂಬ ಸುದ್ದಿ ಬಂತು. ನಳದ ನೀರಿನ ಜಗಳದಲ್ಲಿ ಅವರಿಬ್ಬರ ಮಾತು ನಿಂತು ಹನ್ನೆರಡು ವರ್ಷ. ಅತ್ತೆ ಊಟದ ತಾಟು ಸರಿಸಿ ಎದ್ದಳು. ನೆಟ್ಟಗೆ ಅವರ ಹೊಸ್ತಿಲಿಗೆ.

"ಬೈಯಾಕ ಬಂದಿಯೇನ್ ಬೇ?"

"ಬೈದ್ ಮುಗಿಸೇನಿ. ಸೂಜಿ ಚುಚ್ಚಿಸಿಕೊಳ್ಳೂಕಿಂತ ಮದಲ ಹಲ್ಲಿನ ಡಾಕ್ಟ್ರ ಕಡೆ ಹೋಗೂಣು. ಚಪ್ಪಲಿ ಮೆಟ್ಟು!"

ಮೂವರೂ ಮಿರಜಿಗೆ ಹೋದೆವು. ದವಾಖಾನೆಯ ಬೆಂಚಿನ ಮೇಲೆ ಆಕೆ ಮೆಲ್ಲಗೆ ಕೇಳಿದಳು: "ನಿನಗ ಭಾಳ ನೋವಾಗಿತ್ತಲ್ಲ?"

ನಮ್ಮ ಮುಂದೆ ಒಮ್ಮೆಯೂ ನರಳದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಾಳ. ಹಿತ್ತಲ ಗ್ವಾಡಿಗಿ ಮಾರಿ ಹಚ್ಚಿ ಅಳತಿದ್ನಿ. ಮನಿಯಾಗ ಯಾರಿಗೂ ಗೊತ್ತಿಲ್ಲ."

"ನನಗ ಗೊತ್ತೈತಿ," ಎಂದಳಾಕೆ. "ಗ್ವಾಡಿ ಈ ಕಡೆ ನಾನೂ ಕುಂತಿರತಿದ್ನಿ. ನೀ ಎದ್ದು ಹೋಗೂತನಕ."