ಭಾವನವರ ನೋಡಿ ಬರುವ ಕೆಲಸ

ನಮ್ಮ ಭಾವ ಎದುರಿಗಿದ್ದವರ ಮುಖ ನೋಡಿ ಮಾತಾಡಿದ್ದನ್ನು ಕಂಡವರು ಹುಣಸೂರು ತಾಲೂಕಿನಲ್ಲಂತೂ ಯಾರೂ ಇಲ್ಲ. ಕೆ.ಆರ್. ನಗರದ ಕಡೆ ಅವರ ಸ್ವಂತ ಊರಿನಲ್ಲೂ ವಿಚಾರಿಸಿದೆ, ಅಲ್ಲೂ ಇಲ್ಲ! ಹಾಗಂತ ಅವರಿಗೆ ನಾಚಿಕೆಯೇನಲ್ಲ, ಕೊಬ್ಬಂತೂ ಮೊದಲೇ ಅಲ್ಲ. ಅವರ ಕಣ್ಣಿರುವುದೇ ಮೇಲೆ. ಯಾರ ಮನೆಗೇ ಹೋಗಲಿ, ಚಪ್ಪಲಿ ಬಿಡುವ ಮೊದಲೇ ತಲೆಯೆತ್ತಿ ಸೂರು ನೋಡುತ್ತಾರೆ. ಫ್ಯಾನು ಯಾವುದಕ್ಕೆ ನೇತುಬಿದ್ದಿದೆ, ಅಟ್ಟದ ಹಲಗೆ ಯಾವುದರ ಮೇಲೆ ಕೂತಿದೆ, ಗೋಡೆಯ ಗೂಟ ಎಷ್ಟು ಒಳಗೆ ಹೋಗಿದೆ, ಇಷ್ಟನ್ನೂ ನೋಡಿಕೊಂಡ ಮೇಲೆ ‘ಚೆನ್ನಾಗಿದ್ದೀರಾ?’ ಅನ್ನುತ್ತಾರೆ. ಕೇಳಿದ್ದು ನಮ್ಮನ್ನೋ ಫ್ಯಾನನ್ನೋ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಅಕ್ಕನನ್ನು ನೋಡಲು ಬಂದ ದಿನವೂ ಇದೇ ಕತೆ. ಅಕ್ಕ ರೇಷ್ಮೆ ಸೀರೆಯುಟ್ಟು, ಕಾಫಿ ತಟ್ಟೆ ಹಿಡಿದು, ಕಟ್ಟೆಮಳಲವಾಡಿಯ ನಮ್ಮ ಮನೆಯ ನಡುಮನೆಗೆ ಬಂದರೆ ಗಂಡು ಸೂರು ನೋಡುತ್ತಾ ಕೂತಿದೆ! ಕಾಫಿ ಆರಿತು, ಕೆನೆ ಕಟ್ಟಿತು, ಅಕ್ಕನ ಮುಖ ಕೆಂಪಾಯಿತು. ಕೊನೆಗೆ ತಡೆಯಲಾರದೆ ನಮ್ಮ ತಾತ ಕೇಳಿಯೇಬಿಟ್ಟರು.

‘ಏನಪ್ಪಾ, ಒಪ್ಪಿಗೆಯಾಯ್ತಾ?’

‘ಆ ಜಂತೆಗೆ ಹಾಕಿರೋ ಕೊಂಡಿ ಬಾಳ ಗಟ್ಟಿಯಾಗದೆ. ತೊಟ್ಟಿಲು ಕಟ್ಟುದ್ರೂ ಏನೂ ಆಗಲ್ಲ’ ಅಂದರು ಭಾವ.

ತಾತ ತೊಡೆ ತಟ್ಟಿಕೊಂಡು ನಕ್ಕರು. ‘ಆಗ್ಲೇ ತೊಟ್ಟಿಲುವರ್ಗೂ ಹೋಗ್ಬುಟ್ಟವ್ರೆ ಕಣ್ರಪ್ಪಾ! ಇನ್ನೇನ್ ಕೇಳೋದು, ಓಲಗದೋರಿಗೆ ಹೇಳ್ಬುಡಿ!’

ಮದುವೆ ಆಯಿತು. ಭಾವ ಅಂದು ನಿಜವಾಗಿಯೂ ಕೊಂಡಿಯ ವಿಷಯವನ್ನಷ್ಟೇ ಹೇಳಿದ್ದು ಅಂತ ಅಕ್ಕನಿಗೆ ತಿಳಿಯಲು ಬಹಳ ದಿನವೇನೂ ಬೇಕಾಗಲಿಲ್ಲ. ‘ಕೊಂಡಿ ಒಂಚೂರು ಸಡಿಲಾಗಿದ್ದಿದ್ರೆ ನಾನು ಬಚಾವಾಗ್ತಿದ್ದೆ ಕಣೇ’ ಅಂತ ಈಗಲೂ ಹೇಳುತ್ತಿರುತ್ತಾಳೆ.

ಇಂಥವರಿಗೆ ಯಾರು ಕೆಲಸ ಕೊಡುತ್ತಾರೆ ಅನ್ನುತ್ತೀರಾ? ಅಣು ವಿದ್ಯುತ್ ಸ್ಥಾವರದವರು ಕೊಡುತ್ತಾರೆ! ಯಾವ ಊರಿನ ಸ್ಥಾವರ ಅಂತ ಭಾವ ನಮಗೂ ಹೇಳಿಲ್ಲ. ಹೇಳಿದರೆ ನಾವು ಹೋಗಿ ಅಲ್ಲಿ ಜೋಕಾಲಿ ಆಡಿಬಿಟ್ಟೇವು ಅನ್ನುವ ಭಯವಿರಬೇಕು. ಸ್ಥಾವರದ ಒಳಗೆ ತೋಳು ಗಾತ್ರದ ವೈರುಗಳು ಕಂತೆ ಕಂತೆಯಾಗಿ ತಲೆಯ ಮೇಲೆ ಹಾದುಹೋಗುತ್ತವಂತೆ. ಅವನ್ನು ಮಲಗಿಸಲು ಏಣಿಯ ಹಾಗಿರುವ ಕಬ್ಬಿಣದ ತಟ್ಟೆಗಳು. ಕೇಬಲ್ ಟ್ರೇ ಅನ್ನುತ್ತಾರೆ. ಆ ಟ್ರೇಗಳನ್ನು ಸೂರಿಗೂ ಗೋಡೆಗೂ ಹಿಡಿದು ನಿಲ್ಲಿಸಲು ಕಬ್ಬಿಣದ ಆಸರೆಗಳು. ಭೂಮಿ ನಡುಗಿದರೂ ಈ ಆಸರೆ ಕಳಚಬಾರದು, ಯಾಕೆಂದರೆ ಅಣು ಒಲೆಯನ್ನು ತಣ್ಣಗಿಡುವ ಪಂಪುಗಳಿಗೆ ಕರೆಂಟು ಹೋಗುವುದು ಅದೇ ವೈರುಗಳಲ್ಲಿ. ಆಸರೆಯ ಲೆಕ್ಕ ಹಾಕಿ ನಿಲ್ಲಿಸುವ ಎಂಜಿನಿಯರುಗಳು ಬೇರೆ. ಅವರಿಗೂ ಭಾವನಿಗೂ ಸಂಬಂಧವಿಲ್ಲ, ಇರಲೂಕೂಡದು. ಅವರ ಲೆಕ್ಕವನ್ನು ಮೊದಲಿಂದ ಇನ್ನೊಮ್ಮೆ ಹಾಕಿ, ಹೋಗಿ ಕಣ್ಣಾರೆ ಕಂಡು, ಸರಿಯಿದೆ ಅಥವಾ ಸರಿಯಿಲ್ಲ ಅಂತ ಬರೆದುಕೊಡುವುದು ಇವರ ಕೆಲಸ. ಸ್ವತಂತ್ರ ಪರಿಶೀಲನೆ ಅಂತ ಅದಕ್ಕೆ ದೊಡ್ಡ ಹೆಸರು.

‘ಅಡುಗೆ ಮಾಡಿದೋನನ್ನೇ ಊಟ ಹೆಂಗಿತ್ತು ಅಂತ ಕೇಳ್ತಾರೇನಮ್ಮ?’ ಅಂತ ನನಗೆ ವಿವರಿಸಿದರು. ಕೇಳುವುದಿಲ್ಲ, ನಿಜ. ಆದರೆ ಊಟಕ್ಕೆ ಬಂದವರು ಎಲೆ ಬಿಟ್ಟೆದ್ದು ಅಡುಗೆಮನೆಯ ಸೂರು ನೋಡಲೂ ಹೋಗುವುದಿಲ್ಲ, ಅಲ್ಲವೇ?

ಇದನ್ನೆಲ್ಲ ನಮ್ಮವ್ವ ಊರಿನವರಿಗೆ ಹೇಗೆ ತಿಳಿಸಿಹೇಳಬೇಕು? ಪಕ್ಕದ ಮನೆಯಾಕೆ ಒಮ್ಮೆ ಜಗಲಿಯ ಮೇಲೆ ಕೂತು ವಿಚಾರಣೆ ಶುರುಮಾಡಿದರು.

‘ಅಳಿಯಂದ್ರು ಏನ್ ಕೆಲ್ಸ ಮಾಡ್ತಾರವ್ವಾ? ವೈರ್ ಎಳೀತಾರಾ?’

‘ಇಲ್ಲ.’

‘ವೈರ್ ಇಡೋ ತಟ್ಟೆ ಮಾಡ್ತಾರಾ?’

‘ಇಲ್ಲ ಕಣವ್ವ. ತಟ್ಟೆ ಹಿಡ್ಕಂಡಿರೋ ಕಬ್ಣ ನೋಡ್ತಾರೆ.’

‘ನೋಡಿ?’

‘ನೋಡಿ ಬತ್ತಾರೆ.’

‘ಬರೀ ನೋಡಾಕೆ ಸಂಬ್ಳ ಕೊಡ್ತಾರಾ!’ ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡರು. ‘ನಮ್ಮನೇರು ಮೂರೊತ್ತೂ ಇಲ್ಲೇ ಕುಂತು ಹೋಗೋರ್ ಬರೋರ್ನ ನೋಡ್ತಾನೇ ಇರ್ತಾರೆ. ಅವ್ರಿಗೂ ಅಲ್ಲೊಂದು ಕೆಲ್ಸ ಕೊಡ್ಸಾಕೆ ಹೇಳವ್ವಾ!’

ನೋಡುವುದಕ್ಕೂ ಒಂದು ವ್ರತವಿದೆ ಅನ್ನುವುದು ಪಾಪ ಆಕೆಗೆ ಗೊತ್ತಿರಲಿಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರಲ್ಲ, ಆ ಗಾದೆಯನ್ನು ಭಾವ ತಲೆಕೆಳಗು ಮಾಡಿಕೊಂಡಿದ್ದಾರೆ. ಎರಡು ಬಗೆಯಬೇಕಾದ ಮನೆಯಲ್ಲಿ ಉಪ್ಪೇ ಉಣ್ಣುವುದಿಲ್ಲ! ಪರಿಶೀಲನೆಗೆ ಹೋದ ಜಾಗದಲ್ಲಿ ಒಂದು ಲೋಟ ಕಾಫಿ ಕೂಡ ಮುಟ್ಟುವುದಿಲ್ಲ. ಅಕ್ಕ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿಯ ಚೀಲ ಹೆಗಲಿಗೆ ಹಾಕಿಕೊಂಡೇ ಹೋಗಬೇಕು. ಇನ್ನೂ ಕಟ್ಟುತ್ತಿದ್ದ ಒಂದು ಸ್ಥಾವರಕ್ಕೆ ಹೀಗೇ ಹೋದವರು ದಿನಗಟ್ಟಲೆ ಏಣಿ ಹತ್ತಿ, ಟಾರ್ಚು ಬಿಟ್ಟು, ಪ್ರತಿಯೊಂದು ಆಸರೆಯ ಪ್ರತಿಯೊಂದು ಬೋಲ್ಟನ್ನೂ ಮುಟ್ಟಿ ಮುಟ್ಟಿ ನೋಡಿದರಂತೆ. ಎಲ್ಲ ಸರಿಯಾಗಿತ್ತು. ಒಂದೇ ಒಂದು ಆಕ್ಷೇಪ ಬರೆದು ಬಂದರು: ‘ಒಂದು ಆಸರೆಗೆ ಊಟದ ಚೀಲ ನೇತುಹಾಕಲಾಗಿದೆ. ಇದರ ಭಾರ ಲೆಕ್ಕದಲ್ಲಿ ಸೇರಿಲ್ಲ.’

‘ಯಾರದು ಭಾವ ಆ ಚೀಲ?’ ಅಂತ ಕೇಳಿದೆ.

‘ನಂದೇ.’

‘ಅಯ್ಯೋ! ನಿಮ್ಮದಾದ್ರೆ ಎತ್ಕೊಂಡು ಬರೋದಲ್ವಾ? ಬರೆಯೋದ್ಯಾಕೆ?’

‘ನಂದು ಅಂತ ಬುಟ್ಬುಡಾಕಾಯ್ತದಾ?’ ಅಂದರು, ನಮ್ಮ ಮನೆಯ ಟ್ಯೂಬ್‌ಲೈಟಿನ ಕಡೆ ನೋಡುತ್ತಾ.

ಇವರೊಂದಿಗೆ ಪ್ರಯಾಣ ಮಾಡುವುದೂ ಸುಲಭವಲ್ಲ. ಒಮ್ಮೆ ಎಚ್.ಡಿ. ಕೋಟೆಯಿಂದ ಸರಗೂರಿಗೆ ಬಸ್ಸಿನಲ್ಲಿ ಹೋಗುವಾಗ, ತಲೆಯ ಮೇಲಿನ ಸಾಮಾನು ಇಡುವ ಕಂಬಿಯನ್ನು ಹಿಡಿದು ಅಲ್ಲಾಡಿಸಿದರು. ಕಂಡಕ್ಟರು ‘ಸಾರ್, ಕಿತ್ಕಂಡು ಮನೆಗೆ ತಗಂಡೋಯ್ತೀರಾ?’ ಅಂದ. ಭಾವ ಕಂಬಿಯ ಮೇಲಿದ್ದ ಯಾರದ್ದೋ ಚೀಲವನ್ನು ಇಳಿಸಿ, ಸರಗೂರಿನವರೆಗೂ ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಅದರೊಳಗೆ ಹುಂಜ ಇದೆ ಅನ್ನುವುದು ಗೊತ್ತಾಗಿದ್ದು ಅದು ಕುಕ್ಕಿದ ಮೇಲೆ!

ಇದೆಲ್ಲ ನಗುವ ಮಾತಾಯಿತು. ಕಳೆದ ಗೌರಿಹಬ್ಬದಲ್ಲಿ ಆದದ್ದು ಮಾತ್ರ ಅಷ್ಟು ಹಗುರವಾಗಿರಲಿಲ್ಲ.

ನಮ್ಮಣ್ಣ, ಅಂದರೆ ಅಕ್ಕನ ತಮ್ಮ, ಊರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ಸೊಪ್ಪು ಬೇಯಿಸಲು, ಅಂದರೆ ಬಿಸಿಗೆ ಒಣಗಿಸಿ ಹದಮಾಡಲು, ಹೊಲದ ಅಂಚಿನಲ್ಲಿ ಒಂದು ಬ್ಯಾರನ್ ಇದೆ. ಎತ್ತರದ ಇಟ್ಟಿಗೆ ಕೋಣೆ. ನೆಲದ ಮೇಲೆ ಒಲೆಯ ಬಿಸಿ ಹರಿಯುವ ತಗಡಿನ ಕೊಳವೆಗಳು. ಮೇಲಕ್ಕೆ ಸಾಲು ಸಾಲಾಗಿ ಅಡ್ಡ ಗಳುಗಳು. ಮೇಲೆ ಹತ್ತಿದವನು ಎರಡು ಗಳುಗಳ ಮೇಲೆ ಒಂದೊಂದು ಕಾಲಿಟ್ಟು ನಿಂತು, ಕೆಳಗಿನವರು ಎತ್ತಿಕೊಡುವ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ನೇತುಹಾಕುತ್ತಾ ಬರಬೇಕು. ಹಳೆಯ ಮರದ ಗಳುಗಳಿಗೆ ಗೆದ್ದಲು ಹಿಡಿದಿತ್ತು. ಅಣ್ಣ ಅವನ್ನೆಲ್ಲ ಕಿತ್ತು, ಗೋಡೆಗೆ ಬ್ರಾಕೆಟ್ಟು ಕೂರಿಸಿ, ಕಬ್ಬಿಣದ ಪೈಪುಗಳನ್ನು ಇಟ್ಟಿದ್ದ. ಎಲ್ಲ ಅವನದೇ ಕೈಕೆಲಸ. ಹಬ್ಬದ ಮಧ್ಯಾಹ್ನ ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಭಾವನನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಅಣು ಸ್ಥಾವರದ ಎಂಜಿನಿಯರ ಬಾಯಿಂದ ಎಲ್ಲರೆದುರು ಒಂದು ಭೇಷ್ ಅನ್ನಿಸಿಕೊಳ್ಳಬೇಕಿತ್ತು ಅವನಿಗೆ.

‘ಹೆಂಗದೆ ಭಾವ?’

ಭಾವ ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

‘ನನ್ನ ಕೇಳ್ಬೇಡ ಕಣೋ. ನಾನು ನಿಮ್ಮನೆ ಅಳಿಯ. ನಿಮ್ಮನೆ ಉಪ್ಪು ತಿಂದೋನು.’

‘ಪರ್ವಾಗಿಲ್ಲ ಹೇಳಿ ಭಾವ!’

‘ಹೇಳ್ಲೇಬೇಕು ಅಂದ್ರೆ ನಾಳೆ ಬೆಳಿಗ್ಗೆ ನೋಡ್ತೀನಿ. ಅಲ್ಲೀಗಂಟ ಈ ಮನೇದು ಏನೂ ಬ್ಯಾಡ.’

ಗೌರಿಹಬ್ಬದ ದಿನ! ಅವ್ವ ಅಳಿಯನಿಗೆಂದೇ ಕಾಯಿ ಒಬ್ಬಟ್ಟು ತಟ್ಟಿ ಇಟ್ಟಿದ್ದಾರೆ. ಅಳಿಯಂದಿರು ಸೀದಾ ಹುಣಸೂರಿಗೆ ಹೋಗಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದರು. ತಿಂದದ್ದನ್ನು ನಮ್ಮೂರಿನವರು ಯಾರೋ ಕಂಡರು. ಭಾವ ಹಿಂದಿರುಗುವ ಮೊದಲೇ, ಅತ್ತೆ ಮನೆಯವರು ಅಳಿಯನನ್ನು ಹಬ್ಬದ ದಿನ ಹೊರಗೆ ಹಾಕಿದರಂತೆ ಅನ್ನುವ ಸುದ್ದಿ ಊರಿಗೆ ಬಂದಾಗಿತ್ತು! ಅವ್ವ ಸೆರಗಿನಲ್ಲಿ ಮೂಗೊರೆಸಿಕೊಂಡು ಅತ್ತರು. ನನಗೆ ಸಿಟ್ಟು ಬಂದಿತ್ತು.

‘ಇಷ್ಟು ವರ್ಷ ತಿಂದ ಉಪ್ಪು ಒಂದು ದಿನಕ್ಕೆ ಕರಗುತ್ತಾ ಭಾವ?’ ಅಂದೆ.

‘ಕರಗಲ್ಲ ಕಣಮ್ಮ’ ಅಂದರು, ತುಂಬಾ ಯೋಚನೆ ಮಾಡಿ. ‘ಅದಕ್ಕೇ ಎರಡ್ ಸಲ ನೋಡ್ತೀನಿ.’

ಮಾರನೆಯ ದಿನ ಬೆಳಿಗ್ಗೆ ಹೆಂಗಸರು ಮರದಡಿ ಕೂತು ಹಸಿಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಾಗಲೇ ಭಾವ ಬ್ಯಾರನ್ನಿನೊಳಗೆ ಏಣಿ ಹಾಕಿದರು. ಒಮ್ಮೆ ನೋಡಿದರು. ಇಳಿದು, ನೀರು ಕುಡಿದು, (ಹುಣಸೂರಿನಿಂದ ತಂದ ನೀರು!) ಮತ್ತೊಮ್ಮೆ ಹತ್ತಿ ನೋಡಿದರು. ಇಳಿದು ಬಂದು, ‘ಇವತ್ತು ಸೊಪ್ಪು ಏರುಸ್ಬೇಡ ಭಾಮೈದ’ ಅಂದರು.

‘ಯಾಕೆ? ನಾಲ್ಕು ಜನ ನೇತಾಡುದ್ರೂ ಬೀಳಲ್ಲ ಅದು!’

‘ನೇತಾಡುದ್ರೆ ಬೀಳಲ್ಲ. ಅಲ್ಲಾಡುದ್ರೆ? ಪೈಪು ಬ್ರಾಕೆಟ್ ಮೇಲೆ ಸುಮ್ನೆ ಕುಂತದೆ. ಹಿಡಿತ ಇಲ್ಲ.’

‘ನಮ್ ಹುಣಸೂರಲ್ಲಿ ಎಲ್ಲಿಯ ಭೂಕಂಪ ಭಾವ?’ ಅಣ್ಣ ಸುತ್ತಲೂ ನೋಡಿ ನಕ್ಕ. ಆಳುಗಳೂ ನಕ್ಕರು.

‘ಭೂಮಿ ಯಾಕೆ ಅಲ್ಲಾಡ್ಬೇಕು? ಮೇಲೆ ನಿಂತ್ಕಂಡು ನೀನ್ ಅಲ್ಲಾಡ್ತೀಯಲ್ಲ.’

ಅಣ್ಣನ ಮೈತೂಕ ಬಲ್ಲವರು ಮತ್ತೊಮ್ಮೆ ನಕ್ಕರು. ಈ ಸಲ ಅಣ್ಣ ನಗಲಿಲ್ಲ.

‘ಸಂಜೆ ಒಳಗೆ ಸೊಪ್ಪು ಏರ್ದಿದ್ರೆ ಕರ್ರಗಾಗೋಯ್ತದೆ, ಗೊತ್ತಾ ನಿಮಗೆ? ನಮ್ಮನೆ ಹೆಣ್ಣು ತಗಂಡೋಗಿ ನಮ್ಮ ಅನ್ನಕ್ಕೇ ಕಲ್ಲಾಕ್ತೀರಾ? ಸರಿಯಾಗದೆ ಅಂತ ಒಂದ್ ಮಾತು ಅನ್ನಿ, ಸಾಕು.’

‘ಅಂಗಂತ ಅನ್ನಾಕಾಗಲ್ಲ ಕಣೋ.’

ಅಕ್ಕ ಓಡಿಬಂದಳು. ‘ಅಂದ್ಬುಡ್ರೀ! ಇಲ್ದಿದ್ರೆ ನಾಳೆಯಿಂದ ನಾನ್ ತವರಿಗೆ ಹೆಂಗ್ ಬರ್ಲಿ?’ ಭಾವ ಮತ್ತೆ ತಲೆಯೆತ್ತಿ ಪೈಪು ನೋಡಿದರು. ಅಕ್ಕ ಆ ಹೊತ್ತಿನಿಂದ ಅವರೊಂದಿಗೆ ಮಾತು ಬಿಟ್ಟಳು. ಒಂದು ಕಡೆ ಅಣ್ಣನ ಬೆಳೆ ಮತ್ತು ಮಾನ, ಇನ್ನೊಂದು ಕಡೆ ಅಣ್ಣನ ಜೀವ. ನಡುವೆ ಅಕ್ಕನ ತವರು. ನಗಿಸುವ ಮಾತು ನನಗೂ ಒಂದೂ ಹೊಳೆಯಲಿಲ್ಲ.

ಕೊನೆಗೆ ಭಾವ ಅಣ್ಣನ ತೂಕಕ್ಕೆ ಸಮನಾಗಿ ಮಣ್ಣು ತುಂಬಿಸಿ, ಚೀಲಗಳನ್ನು ಮೇಲಿನ ಪೈಪಿಗೆ ಕಟ್ಟಿಸಿದರು. ಚೀಲಗಳಿಗೆ ಹಗ್ಗ ಕಟ್ಟಿ, ಎಲ್ಲರನ್ನೂ ಬಾಗಿಲಾಚೆ ನಿಲ್ಲಿಸಿ, ‘ಎಳೀರಿ, ಬುಡಿ. ಎಳೀರಿ, ಬುಡಿ. ಮೇಲೆ ಮನುಷ್ಯ ಓಡಾಡಿದಂಗೆ’ ಅಂದರು. ಎಳೆದರು, ಬಿಟ್ಟರು. ಏನೂ ಆಗಲಿಲ್ಲ. ‘ನೋಡುದ್ರಾ?’ ಅಂದ ಅಣ್ಣ. ‘ಇನ್ನೊಂದ್ಸಲ’ ಅಂದರು ಭಾವ. ಮತ್ತೆ ಎಳೆದರು, ಬಿಟ್ಟರು. ಪೈಪು ಕಂಡೂ ಕಾಣದಂತೆ ಒಂದೇ ಕಡೆಗೆ ಜರುಗುತ್ತಿತ್ತು. ಬ್ರಾಕೆಟ್ಟಿನ ತುದಿಗೆ ಬಂತು. ಆಮೇಲೆ ಚೀಲ, ಪೈಪು ಎಲ್ಲ ಒಟ್ಟಿಗೆ ಬಿದ್ದವು. ಕೆಳಗಿದ್ದ ತಗಡಿನ ಕೊಳವೆ ಚಪ್ಪಟೆಯಾಯಿತು.

ಅವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಹುಣಸೂರಿನಿಂದ ವೆಲ್ಡಿಂಗಿನವನು ಮಿಷನ್ನಿನ ಸಮೇತ ಬಂದ. ತಗಡಿನ ಕೊಳವೆಯನ್ನು ಬದಲಾಯಿಸಿದರು. ಪ್ರತಿ ಪೈಪಿನ ಎರಡೂ ತುದಿಗೆ ಕಬ್ಬಿಣದ ಪಟ್ಟಿ ಬಿತ್ತು. ಭಾವ ಒಂದೊಂದನ್ನೂ ಬಡಿದು, ಜಗ್ಗಿ, ಮತ್ತೆ ಮಣ್ಣಿನ ಚೀಲ ಕಟ್ಟಿಸಿ ಎಳೆಸಿ, ಬಿಸಿಲು ಇಳಿಯುವ ಹೊತ್ತಿಗೆ ‘ಈಗ ಸರಿಯಾಗದೆ’ ಅಂದರು. ಸೊಪ್ಪು ಇನ್ನೂ ಹಸಿರಾಗಿಯೇ ಇತ್ತು.

ಅಣ್ಣ ಏಣಿಗೆ ಕೈಯಿಟ್ಟ. ಕಾಲು ಏಳಲಿಲ್ಲ. ಮೀಸೆ ಬರುವ ಮೊದಲೇ ಬ್ಯಾರನ್ ಹತ್ತಿದವನು ಚಪ್ಪಟೆಯಾದ ಹಳೆಯ ಕೊಳವೆಯನ್ನೇ ನೋಡುತ್ತಾ ನಿಂತುಬಿಟ್ಟ. ‘ಬ್ಯಾಡ ಬುಡಿ, ಸೊಪ್ಪು ಹೋದ್ರೆ ಹೋಗ್ಲಿ’ ಅಂದ, ಮೆಲ್ಲಗೆ.

ಭಾವ ಷರಟು ಬಿಚ್ಚಿ ಬಾಗಿಲಿಗೆ ನೇತುಹಾಕಿದರು. ಕಡ್ಡಿ ಎತ್ತಿಕೊಡಲು ನಿಂತಿದ್ದ ಆಳುಗಳಿಗೆ ‘ನೀವು ಆಚೆಗಿರ್ರಪ್ಪಾ’ ಅಂದು ಒಳಗೆ ಹೋಗಿ, ಚೀಲ ಬಿದ್ದಿದ್ದ ಜಾಗದಲ್ಲೇ ನಿಂತರು.

‘ಹತ್ತು ಭಾಮೈದ. ಕಡ್ಡಿ ನಾನ್ ಕೊಡ್ತೀನಿ.’

‘ನೀವ್ ಬ್ಯಾಡಿ ಭಾವ, ಆಚೆಗ್ ಬನ್ನಿ.’

‘ಸರಿಯಾಗದೆ ಅಂದೋನು ನಾನಲ್ವೇನೋ? ಹತ್ತು.’

ಅಣ್ಣ ಹತ್ತಿದ. ಭಾವ ಅಭ್ಯಾಸವಿಲ್ಲದ ಕೈಯಲ್ಲಿ ಮೊದಲ ಕಡ್ಡಿಯನ್ನು ಎತ್ತಿಕೊಟ್ಟರು. ನಾನು ಬಾಗಿಲಿಂದ ಕೇಳಿದೆ: ‘ಸ್ಥಾವರದಲ್ಲೂ ಹಿಂಗೇ ಕೆಳಗೆ ನಿಂತ್ಕೋತೀರಾ ಭಾವ?’

‘ಅಲ್ಲಿ ಎಲ್ ಬುಡ್ತಾರಮ್ಮ? ಬರೆದುಕೊಟ್ಟು ಬಂದ್ಬುಡ್ಬೇಕು. ಕೆಳಗೆ ಓಡಾಡೋರು ಯಾರೋ ಏನೋ, ಹೆಸ್ರೂ ಗೊತ್ತಿಲ್ಲ. ಮನೆಗ್ ಬಂದ್ಮೇಲೂ ಅವರ್ದೇ ಯೋಚ್ನೆ ಆಯ್ತದೆ.’

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದೇವೆ, ಇಂಥದ್ದೊಂದು ಭಾರ ಹೊತ್ತು ಓಡಾಡುತ್ತಿದ್ದಾರೆ ಅಂತ ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಭಾವನ ಪಕ್ಕ, ಹೆಗಲಿಗೆ ಹೆಗಲು ತಾಗುವಂತೆ ನಿಂತಳು.

‘ಅಕ್ಕಾ, ನೀನಾದ್ರೂ ಆಚೆಗೋಗು!’ ಮೇಲಿಂದ ಅಣ್ಣ ಕೂಗಿದ.

‘ಒಬ್ರೇ ಎತ್ತುದ್ರೆ ಅವರ ಕೈ ಸೋತೋಯ್ತದೆ. ನೀನ್ ನೇತಾಕ್ಲಾ’ ಅಂದಳು ಅಕ್ಕ, ಭಾವನ ಕೈಯಿಂದ ಕಡ್ಡಿ ತೆಗೆದುಕೊಂಡು.